ಮೂರು ನಿಮಿಷದ ಬಟ್ಟಲು

ಜಪಾನಿನ ಓಸಾಕಾ ನಗರ, ಚಳಿಗಾಲದ ರಾತ್ರಿ. ದೂರದ ನಾಡಿನಿಂದ ಓದಲು ಬಂದ ತರುಣನೊಬ್ಬ ತನ್ನ ಪುಟ್ಟ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದಾನೆ. ಅಡುಗೆ ಅವನಿಗೆ ಬಾರದು. ಹಸಿವು ಮಾತ್ರ ಕಾಯದು. ಅವನ ಮುಂದಿರುವುದು ಅಂಗಡಿಯಿಂದ ತಂದ ಒಂದು ಕಾಗದದ ಬಟ್ಟಲು. ಅದರ ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರವಿದೆ. ಒಳಗಿರುವುದು ‘ರಾಮೆನ್’ ಎಂಬ ತಿನಿಸು. ಗೋದಿಹಿಟ್ಟಿನ ಎಳೆಗಳನ್ನು ಸಾರಿನಲ್ಲಿ ಹಾಕಿ ಉಣ್ಣುವ ಖಾದ್ಯ. ಮುಚ್ಚಳವನ್ನು ಅರ್ಧ ತೆರೆದು, ಒಳಗಿನ ಗೆರೆಯವರೆಗೆ ಕುದಿಯುವ ನೀರು ಸುರಿದು, ಮತ್ತೆ ಮುಚ್ಚಿ ಮೂರು ನಿಮಿಷ ಕಾಯಬೇಕು. ಹಸಿದವನಿಗೆ ಆ ಮೂರು ನಿಮಿಷವೇ ಒಂದು ಯುಗ. ಆದರೆ ಅದರ ಹಿಂದೆ ಒಬ್ಬ ಮನುಷ್ಯನ ಎಷ್ಟು ಕಾಲದ ದುಡಿಮೆ ಅಡಗಿದೆಯೆಂಬುದನ್ನು ಅವನು ಬಲ್ಲನೆ?

ಎರಡನೆಯ ಮಹಾಯುದ್ಧ ಮುಗಿದಾಗ ಓಸಾಕಾ ಬೂದಿಯ ರಾಶಿಯಾಗಿತ್ತು. ಆ ದಿನಗಳ ಒಂದು ಚಳಿಯ ರಾತ್ರಿ, ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನರು ಬೀದಿಯ ಗಾಡಿಯ ಮುಂದೆ ಉದ್ದವಾದ ಸಾಲಿನಲ್ಲಿ ನಿಂತಿದ್ದುದನ್ನು ಮೊಮೊಫುಕು ಆಂಡೊ ಎಂಬ ವ್ಯಾಪಾರಿ ಕಂಡನು. ಆ ನೋಟ ಅವನ ಮನಸ್ಸಿನಿಂದ ಮಾಸಲಿಲ್ಲ. 1957ರಲ್ಲಿ ಅವನು ಮುಖ್ಯಸ್ಥನಾಗಿದ್ದ ಹಣಕಾಸಿನ ಸಂಸ್ಥೆಯೊಂದು ದಿವಾಳಿಯಾಗಿ, ಅವನ ಆಸ್ತಿಯೆಲ್ಲ ಕೈಬಿಟ್ಟುಹೋಯಿತು. ಆಗ ಅವನಿಗೆ ನಲವತ್ತೇಳು ವರ್ಷ. ಬೇರೆಯವರಾಗಿದ್ದರೆ ಹಣೆಬರಹವನ್ನು ಹಳಿಯುತ್ತ ಕುಳಿತಿರುತ್ತಿದ್ದರು. ಆಂಡೊ ಇಕೆಡಾ ಪಟ್ಟಣದಲ್ಲಿದ್ದ ತನ್ನ ಮನೆಯ ಹಿತ್ತಿಲಲ್ಲಿ ಒಂದು ಗುಡಿಸಲು ಹಾಕಿ, ಹಿಟ್ಟು ನಾದಲು ತೊಡಗಿದನು.

ಬಿಸಿನೀರೊಂದರಿಂದಲೇ ಸಿದ್ಧವಾಗುವ, ಬಹುಕಾಲ ಕೆಡದ, ಬಡವರಿಗೂ ಎಟುಕುವ ರಾಮೆನ್ ಮಾಡಬೇಕೆಂಬುದು ಅವನ ಹಂಬಲ. ದಿನಕ್ಕೆ ಸುಮಾರು ನಾಲ್ಕು ಗಂಟೆ ನಿದ್ದೆ. ವರ್ಷಪೂರ್ತಿ ಒಂದು ದಿನವೂ ಬಿಡುವಿಲ್ಲ. ಎಳೆಗಳು ಒಮ್ಮೆ ಮುರಿದವು, ಒಮ್ಮೆ ಅಂಟಿಕೊಂಡವು. ಕೊನೆಗೆ ಒಂದು ದಿನ ಅವನ ಹೆಂಡತಿ ತರಕಾರಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿಯುತ್ತಿದ್ದಳು. ಕಾದ ಎಣ್ಣೆಗೆ ಬಿದ್ದೊಡನೆ ಹಿಟ್ಟಿನೊಳಗಿನ ನೀರು ಗುಳ್ಳೆಗುಳ್ಳೆಯಾಗಿ ಹೊರಹೊಮ್ಮುತ್ತಿತ್ತು. ಆಂಡೊವಿಗೆ ದಾರಿ ಹೊಳೆಯಿತು. ಎಳೆಗಳನ್ನು ಎಣ್ಣೆಯಲ್ಲಿ ಕರಿದರೆ ನೀರು ಆವಿಯಾಗಿ ಹೋಗುತ್ತದೆ. ಅದು ಹೋದ ಹಾದಿಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮುಂದೆ ಬಿಸಿನೀರು ಅದೇ ರಂಧ್ರಗಳಿಂದ ಒಳಹೊಕ್ಕು ಎಳೆಗಳನ್ನು ಮೃದುಗೊಳಿಸುತ್ತದೆ. 1958ರ ಆಗಸ್ಟ್ 25ರಂದು ಅವನ ರಾಮೆನ್ ಮಾರುಕಟ್ಟೆಗೆ ಬಂದಿತು.

1966ರಲ್ಲಿ ಆಂಡೊ ಅಮೆರಿಕಕ್ಕೆ ಹೋದನು. ಅಲ್ಲಿನ ವರ್ತಕರ ಬಳಿ ಬಟ್ಟಲುಗಳಿರಲಿಲ್ಲ. ಅವರು ರಾಮೆನ್ನನ್ನು ಮುರಿದು ಕಾಗದದ ಲೋಟಕ್ಕೆ ಹಾಕಿ, ನೀರೆರೆದು, ಮುಳ್ಳುಚಮಚದಿಂದ ತಿಂದರು. ಮತ್ತೊಬ್ಬನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದನು. ಆಂಡೊ ಅದನ್ನು ಪಾಠವಾಗಿ ಸ್ವೀಕರಿಸಿದನು. ಕಟ್ಟಿಕೊಡುವ ಲೋಟವೇ ಬೇಯಿಸುವ ಪಾತ್ರೆಯೂ ಉಣ್ಣುವ ಬಟ್ಟಲೂ ಆದ ಹೊಸ ರಾಮೆನ್ 1971ರಲ್ಲಿ ಹೊರಬಂದಿತು. ಅದರಲ್ಲಿ ಎಳೆಗಳ ಮುದ್ದೆ ತಳವನ್ನು ಮುಟ್ಟದೆ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಸಾಗಣೆಯಲ್ಲಿ ಅದು ಮುರಿಯದು. ಬಿಸಿನೀರು ಮೇಲೂ ಕೆಳಗೂ ಸುಳಿದಾಡಿ ಎಲ್ಲೆಡೆ ಸಮನಾಗಿ ಬೇಯಿಸುತ್ತದೆ.

ಇತ್ತ ತರುಣನ ಮೂರು ನಿಮಿಷ ಮುಗಿದಿದೆ. ಮುಚ್ಚಳ ತೆಗೆದೊಡನೆ ಹಬೆ ಮುಖಕ್ಕೆ ಅಡರುತ್ತದೆ. ಪುಟ್ಟ ಪೊಟ್ಟಣದಲ್ಲಿದ್ದ ಖಾರದ ಎಣ್ಣೆಯನ್ನು ಸುರಿದಾಗ ಸಾರಿನ ಮೇಲೆ ಕೆಂಪು ತೇಲುತ್ತದೆ. ಕಡ್ಡಿಗಳಿಂದ ಎಳೆಗಳನ್ನೆತ್ತಿ ಬಾಯಿಗಿಟ್ಟರೆ ಮೊದಲು ಉಪ್ಪು, ಬಳಿಕ ಹದವಾದ ರುಚಿ. ಮರುಕ್ಷಣದಲ್ಲಿ ನಾಲಗೆಗೆ ಬೆಂಕಿ! ಕಣ್ಣಲ್ಲಿ ನೀರು, ಹಣೆಯಲ್ಲಿ ಬೆವರು. ತಣ್ಣೀರು ಕುಡಿದರೂ ಉರಿ ಆರದು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಹಾಲು ಕುಡಿದರೆ ಮಾತ್ರ ಸ್ವಲ್ಪ ಶಮನ. ವಿಚಿತ್ರವೆಂದರೆ, ಖಾರವು ರುಚಿಯೇ ಅಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ಅದು ಕೆಣಕುತ್ತದೆ. ಆದುದರಿಂದಲೇ ಸುಟ್ಟಂತೆ ಅನಿಸುತ್ತದೆ. ಇದರ ಗುಟ್ಟನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕಕ್ಕೆ ಪಾಲುದಾರರಾದರು.

ಆದರೂ ತರುಣನು ಬಟ್ಟಲನ್ನು ಕೆಳಗಿಡುವುದಿಲ್ಲ. ಮೂಗೊರೆಸಿಕೊಳ್ಳುತ್ತ, ಉಸ್ಸೆನ್ನುತ್ತ ಮತ್ತೊಂದು ತುತ್ತು ತಿನ್ನುತ್ತಾನೆ. ಹೊರಗಿನ ಚಳಿ ಮರೆತುಹೋಗಿದೆ. ಒಂಟಿತನವೂ ತುಸು ಹಗುರವಾಗಿದೆ.

ಇದು ನಿತ್ಯದ ಊಟವಾಗತಕ್ಕದ್ದಲ್ಲ. ಇದರಲ್ಲಿ ಉಪ್ಪು ಹೆಚ್ಚು, ಎಣ್ಣೆಯೂ ಉಂಟು. ಅಮ್ಮನ ಕೈಯ ಅನ್ನದ ಸ್ಥಾನವನ್ನು ಇದು ತುಂಬಲಾರದು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿದ ಒಂಟಿ ಜೀವಕ್ಕೆ ಇದು ಆಸರೆ. ಆಂಡೊ 2007ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಚಳಿಯಲ್ಲಿ ಸಾಲುನಿಂತ ಜನರನ್ನು ಅಂದು ಕಂಡವರು ಅನೇಕರು. ಕಂಡದ್ದನ್ನು ಮರೆಯದೆ ಉಳಿದವನು ಅವನು. ತಾಳಿದವನು ಬಾಳಿಯಾನು ಎಂಬ ಗಾದೆ ಅವನಿಗೆ ಒಪ್ಪುತ್ತದೆ. ಅವನ ತಾಳ್ಮೆಯಿಂದ ಬಾಳಿದವನು ಅವನೊಬ್ಬನೇ ಅಲ್ಲ. ಬರಿದಾದ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, ಅದರ ಕೊನೆಯ ಬಿಸಿಯನ್ನು ಕಾಯಿಸಿಕೊಳ್ಳುತ್ತಿರುವ ಈ ತರುಣನೂ ಹೌದು.