ಬೋರ್ಡ್ ಹೋಗಿದೆ ಅನ್ನೋ ಮುಂಚೆ ಜ್ವರ ನೋಡಿ

ಬೇಸಿಗೆಯಲ್ಲಿ ನಿಮ್ಮ ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದೆಯಾ? ಹಾಗಾದ್ರೆ ರಿಪೇರಿಗೆ ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ.

ನಾವು ಮೂವರು ಸ್ಟ್ರಿಂಗರ್‌ಗಳು. ಚಂದ್ರಗಿರಿ ಬೆಟ್ಟದ ಆಚೆ ಮಗ್ಗುಲಿನ ಜಿನನಾಥಪುರದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲಿ ಮೂವರೂ ಸೇರಿ ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್. ನಮಗೆ ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಲೆಕ್ಕ. ಕಂಪ್ಯೂಟರ್ ನಿಂತರೆ ಅವತ್ತಿನ ಕೂಲಿಯೂ ನಿಂತಂತೆ.

ಏಪ್ರಿಲ್‌ನಲ್ಲಿ ಕುಡಿಯೋ ನೀರಿನ ತೊಂದರೆ ಬಗ್ಗೆ ನಾಲ್ಕು ನಿಮಿಷದ ವಿಡಿಯೊ ಮಾಡಿದ್ದೆವು. ಖಾಲಿ ಕೊಡ ಹಿಡಿದು ಬಿಸಿಲಲ್ಲಿ ನಿಂತ ಹೆಂಗಸರು ನಮ್ಮನ್ನು ನಂಬಿ ಮಾತಾಡಿದ್ದರು. ಎಡಿಟ್ ಮುಗಿಸಿ ರೆಂಡರ್‌ಗೆ ಹಾಕಿದರೆ ಅರ್ಧಕ್ಕೇ ಸಿಸ್ಟಮ್ ಆಫ್. ಮತ್ತೆ ಹಾಕಿದರೂ ಅದೇ ಕತೆ. ಸಂಜೆ ಬುಲೆಟಿನ್‌ಗೆ ಅದು ಹೋಗಲೇ ಇಲ್ಲ. ರಿಪೇರಿ ಅಂಗಡಿಯಲ್ಲಿ, "ಬೋರ್ಡ್ ಹೋಗಿದೆ ಸರ್, ಏಳೂವರೆ ಸಾವಿರ ಆಗುತ್ತೆ" ಅಂದರು.

ಅಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಮೊದಲು ಅದಕ್ಕೆ ಜ್ವರ ಇದೆಯಾ ಅಂತ ನೋಡಿದೆವು.

ಪ್ರೊಸೆಸರ್ ಒಳಗೇ ಉಷ್ಣತೆ ಅಳೆಯೋ ಸೆನ್ಸರ್ ಇರುತ್ತೆ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋದರೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಆ ಅಂಕಿ ಕಾಣುತ್ತೆ. ಕೆಲಸ ಮಾಡ್ತಾ ನೋಡಬೇಕೆಂದರೆ ವಿಂಡೋಸ್‌ನಲ್ಲಿ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯು ಮಾನಿಟರ್ ಹಾಕಿಕೊಳ್ಳಿ. ಎರಡೂ ಪುಕ್ಕಟೆ ಸಿಗುತ್ತವೆ.

ನಮ್ಮದು ಸುಮ್ಮನೆ ಇದ್ದಾಗಲೇ 62 ಡಿಗ್ರಿ. ರೆಂಡರ್ ಶುರುವಾದ ಐದು ನಿಮಿಷಕ್ಕೆ 99. ಅನೇಕ ಇಂಟೆಲ್ ಪ್ರೊಸೆಸರ್‌ಗಳು 100ರ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಆಗಲೂ ತಣಿಯದಿದ್ದರೆ ಸುಟ್ಟು ಹೋಗಬಾರದು ಅಂತ ಆಫ್ ಆಗುತ್ತವೆ. ಅಂದರೆ ನಮ್ಮ ಬೋರ್ಡ್ ಸತ್ತಿರಲಿಲ್ಲ, ಜೀವ ಉಳಿಸಿಕೊಳ್ಳುತ್ತಿತ್ತು.

ಇಷ್ಟು ಬಿಸಿ ಯಾಕೆ? ಡೆಸ್ಕ್‌ಟಾಪ್ ಪ್ರೊಸೆಸರ್ ಸಾಮಾನ್ಯವಾಗಿ 65 ವ್ಯಾಟ್‌ನಷ್ಟು ಶಾಖ ಬಿಡುತ್ತೆ. ಹಳೇ 60 ವ್ಯಾಟ್ ಬಲ್ಬ್ ಉರಿಯುವಾಗ ಮುಟ್ಟೋಕಾಗ್ತಿತ್ತಾ? ಅಷ್ಟೇ ಶಾಖ ಇಲ್ಲಿ ಉಗುರಿನಷ್ಟು ಜಾಗದಿಂದ ಬರುತ್ತೆ. ನಮ್ಮೂರ ಶಾಂತಿನಾಥ ಬಸದಿ ಮಟಮಟ ಮಧ್ಯಾಹ್ನವೂ ಒಳಗೆ ತಂಪು, ಯಾಕೆಂದರೆ ದಪ್ಪ ಕಲ್ಲು ನಿಧಾನವಾಗಿ ಕಾಯುತ್ತೆ. ಕಂಪ್ಯೂಟರ್‌ಗೆ ಆ ಸೌಕರ್ಯ ಇಲ್ಲ. ಅದಕ್ಕೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗ್ತಾನೇ ಇರಬೇಕು.

ನಮ್ಮ ಕೋಣೆಯ ಮುಂದೆ ತೆಂಗಿನಕಾಯಿ ಸುಲಿಯುತ್ತಾರೆ. ಕ್ಯಾಬಿನೆಟ್ ಬಿಚ್ಚಿದರೆ ನಾರು, ಧೂಳು ಸೇರಿ ಹೀಟ್ ಸಿಂಕ್ ಮೇಲೆ ಕಂಬಳಿ ಹೊದ್ದ ಹಾಗಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ.

ವೈರ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದು, ಉಳಿದ ಕರೆಂಟ್ ಖಾಲಿ ಮಾಡಿದೆವು. ಬಯಲಿಗೆ ತಂದು ಪೇಂಟ್ ಬ್ರಷ್, ಬ್ಲೋವರ್‌ನಿಂದ ಧೂಳು ತೆಗೆದೆವು. ಬ್ಲೋವರ್ ಬಿಡುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಹುಚ್ಚಾಪಟ್ಟೆ ತಿರುಗಿ ಹಾಳಾಗುತ್ತೆ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ.

ಹೀಟ್ ಸಿಂಕ್ ಎತ್ತಿದರೆ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಪ್ರೊಸೆಸರಿನ ಶಾಖವನ್ನು ಹೀಟ್ ಸಿಂಕ್‌ಗೆ ದಾಟಿಸೋದು ಅದೇ. ಹಳೆಯದನ್ನು ಒರೆಸಿ, ನಡುವೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್ ಸಿಂಕನ್ನು ಸಮನಾಗಿ ಒತ್ತಿ ಕೂರಿಸಿದೆವು. ಪೇಸ್ಟ್ ಜಾಸ್ತಿ ಹಾಕಿದರೆ ಜಾಸ್ತಿ ತಂಪಾಗಲ್ಲ. ಕೊನೆಗೆ ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ದೂರ, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಟ್ಟೆವು.

ಒಟ್ಟು ಖರ್ಚು 180 ರೂಪಾಯಿ. ಬ್ಲೋವರ್ ಪಕ್ಕದ ಮನೆಯವರದ್ದು.

ಈಗ ಸುಮ್ಮನಿದ್ದಾಗ 44, ರೆಂಡರ್ ಮಾಡುವಾಗ 76. ನೀರಿನ ಸುದ್ದಿ ಮಾರನೇ ದಿನ ಹೋಯಿತು. ಒಂದು ದಿನ ತಡ ಆಯಿತಲ್ಲ ಅನ್ನೋ ಬೇಸರ ಮಾತ್ರ ಉಳಿಯಿತು.

ಒಂದು ಮಾತು ನೆನಪಿರಲಿ. ಫ್ಯಾನ್ ಎಷ್ಟೇ ಬೀಸಿದರೂ ಪ್ರೊಸೆಸರ್ ಕೋಣೆಯ ಗಾಳಿಗಿಂತ ತಂಪಾಗಲ್ಲ. ಶೀಟ್ ಮನೆಯಾದರೆ ದೊಡ್ಡ ಕೆಲಸಗಳನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಳ್ಳಿ. ಕಂಪ್ಯೂಟರ್ ಆನ್ ಇರುವಾಗ ಮೇಲೆ ಬಟ್ಟೆ ಹೊದಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಆಫ್ ಆಗ್ತಿದ್ದರೆ, ಅಂಕಿ 70 ದಾಟದೇ ಆಫ್ ಆಗ್ತಿದ್ದರೆ, ಕಾಯಿಲೆ ಬೇರೆ ಇರಬಹುದು. ಪವರ್ ಸಪ್ಲೈ ಕೆಟ್ಟಿರಬಹುದು. ಆಗ ಅಂಗಡಿಗೆ ಹೋಗಲೇಬೇಕು. ಆದರೆ ಬರಿಗೈಯಲ್ಲಿ ಹೋಗಬೇಡಿ. ಯಾವ ಕೆಲಸ ಮಾಡುವಾಗ ಎಷ್ಟು ಡಿಗ್ರಿ ಇತ್ತು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ನೋಡಿದವರು ಬೋರ್ಡ್ ಹೋಗಿದೆ ಅನ್ನೋ ಮುಂಚೆ ಒಂದು ಸಲ ಯೋಚಿಸ್ತಾರೆ.