ಕೆಸುವಿನೆಲೆಯ ವಿಮಾನಯಾನ

ಆಟಿ ತಿಂಗಳ ಮಳೆಗೆ ನಮ್ಮ ಕಾಸರಗೋಡು ಸೀಮೆಯ ತೋಟದ ಬದುಗಳಲ್ಲಿ, ಯಾರೂ ನೆಡದೆ, ಯಾರೂ ಗೊಬ್ಬರ ಹಾಕದೆ, ತಾನಾಗಿ ಹಬ್ಬುವ ಗಿಡಗಳಲ್ಲಿ ಕೆಸು ಒಂದು. ಅದರ ಎಲೆಯಿಂದ ಪತ್ರೊಡೆ ಮಾಡುವ ಕ್ರಮವನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸುವ ಅಗತ್ಯವಿಲ್ಲ. ಊರಿನಲ್ಲಿ ಕಾಸಿನ ಬೆಲೆಯಿಲ್ಲದ ಈ ಎಲೆ ವಿಮಾನವೇರಿ, ಅರಬೀ ಸಮುದ್ರವನ್ನು ದಾಟಿ, ಶಾರ್ಜದ ಅಂಗಡಿಯಲ್ಲಿ ಕಟ್ಟಿಗೆ ಇಂತಿಷ್ಟು ದಿರಮ್ ಎಂಬ ಚೀಟಿ ಅಂಟಿಸಿಕೊಂಡು ಕುಳಿತಿರುತ್ತದೆಂದು ನಮ್ಮ ಬಂಧುಗಳೊಬ್ಬರು ಹೇಳಿದಾಗ ವಿಸ್ಮಯವಾಗದಿರಲಿಲ್ಲ. ಎಲೆಯನ್ನು ಕಳುಹಿಸುವವರಲ್ಲಿ ನಮ್ಮ ನೆರೆಮನೆಯವರೂ ಒಬ್ಬರೆಂದು ತಿಳಿದ ಮೇಲೆ, ರಜೆಯ ದಿನವೊಂದರಲ್ಲಿ ಅವರ ಸಂಗಡ ಕರಿಪ್ಪೂರಿನ ವಿಮಾನ ನಿಲ್ದಾಣದ ಬಳಿಯಿರುವ ಸರಕಿನ ಶೆಡ್ಡಿಗೆ ಹೋಗಿ ಬಂದೆವು.

ಅಲ್ಲಿ ನಮ್ಮ ಕಣ್ಣಿಗೆ ಬಿದ್ದುದು ವಿಮಾನವಲ್ಲ, ಅಳತೆಯ ಪಟ್ಟಿ. ತಕ್ಕಡಿಯ ಪಕ್ಕದಲ್ಲಿ ನಿಂತ ಗುಮಾಸ್ತ ಪ್ರತಿಯೊಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು ಬರೆದುಕೊಳ್ಳುತ್ತಿದ್ದ. ತೂಕ ನೋಡಿದರೆ ಸಾಲದೆ ಎಂದು ಕೇಳಿದೆವು. "ಮಾಸ್ಟ್ರೇ, ಇಲ್ಲಿ ಎಲೆಯನ್ನು ಮಾತ್ರ ತೂಗುವುದಲ್ಲ, ಅದು ಹಿಡಿಯುವ ಜಾಗವನ್ನೂ ತೂಗುತ್ತಾರೆ" ಎಂದರು ನಮ್ಮ ನೆರೆಯವರು. ಆ ಲೆಕ್ಕ ಹೀಗಿದೆ: ಪೆಟ್ಟಿಗೆಯ ಘನ ಅಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು 6000ದಿಂದ ಭಾಗಿಸಬೇಕು, ಬಂದ ಸಂಖ್ಯೆ ಕಿಲೋಗ್ರಾಮು. ಇದು, ತಕ್ಕಡಿಯ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 60, 40, 30 ಸೆಂಟಿಮೀಟರಿನ ಪೆಟ್ಟಿಗೆಯೊಂದು ಈ ಲೆಕ್ಕದಲ್ಲಿ 12 ಕಿಲೋ ಆಗುತ್ತದೆ. ಅದರೊಳಗೆ ಸೌತೆಕಾಯಿ ತುಂಬಿದರೆ ನಿಜವಾದ ತೂಕವೇ 12ನ್ನು ಮೀರುವುದರಿಂದ ನಿಜವಾದ ತೂಕಕ್ಕೇ ಹಣ ಕೊಟ್ಟಂತಾಯಿತು. 5 ಕಿಲೋ ಕೆಸುವಿನೆಲೆಯನ್ನು ತುಂಬಿದರೋ, ಇಲ್ಲದ 7 ಕಿಲೋಗೂ ಹಣ ತೆರಬೇಕು. ನುಗ್ಗೆಸೊಪ್ಪು, ಕರಿಬೇವು, ಓಣಂ ಕಾಲದಲ್ಲಿ ರಾಶಿರಾಶಿಯಾಗಿ ಹೋಗುವ ಬಾಳೆಯ ಎಲೆ, ಎಲ್ಲಕ್ಕೂ ಇದೇ ನ್ಯಾಯ. ಎಲೆಗಳನ್ನು ಒತ್ತಿ ತುಂಬಿದರೆ ಬಾಡಿಗೆ ಉಳಿಯುತ್ತದೆ, ಎಲೆ ಉಳಿಯುವುದಿಲ್ಲ. ನಮ್ಮ ನೆರೆಯವರ ವ್ಯಾಪಾರದ ಜಾಣತನವೆಲ್ಲ ಇವೆರಡರ ನಡುವೆ ಇದೆ.

ಎಲೆ ಏಕೆ ಉಳಿಯುವುದಿಲ್ಲವೆಂದರೆ, ಕಿತ್ತ ಮೇಲೂ ಅದು ಜೀವಂತವಾಗಿರುತ್ತದೆ. ಗಿಡದಿಂದ ಬೇರೆಯಾದ ಎಲೆಯೂ ಕಾಯಿಯೂ ಉಸಿರಾಡುತ್ತವೆ, ಉಸಿರಾಡುತ್ತ ಶಾಖವನ್ನು ಹೊರಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಶಾಖ ಸೇರಿ ಸೇರಿ ಎಲೆ ತನ್ನ ಉಸಿರಿನಿಂದಲೇ ಬೇಯತೊಡಗುತ್ತದೆ. ಪೆಟ್ಟಿಗೆಗೆ ತೂತುಗಳಿರುವುದೂ ಬಿಸಿಲೇರುವ ಮೊದಲೇ ಕೊಯ್ಲಾಗಬೇಕೆನ್ನುವುದೂ ಇದಕ್ಕಾಗಿಯೇ. ಹಾಗೆಂದು ಎಲ್ಲವನ್ನೂ ಒಂದೇ ಶೀತಗೃಹಕ್ಕೆ ನೂಕುವಂತಿಲ್ಲ. ಸೊಪ್ಪಿಗೆ ಹಿತವಾದ ತಂಪು ಬದನೆಗೆ ವಿಷ. ಸುಮಾರು 10 ಡಿಗ್ರಿಗಿಂತ ಕೆಳಗೆ ಹೆಚ್ಚು ಹೊತ್ತು ಇಟ್ಟರೆ ಅದರ ಸಿಪ್ಪೆಯಲ್ಲಿ ಗುಳಿಗಳು ಬಿದ್ದು ಒಳಗಿನ ಬೀಜ ಕಪ್ಪಾಗುತ್ತದೆ. ಇಷ್ಟೆಲ್ಲ ಜಾಗ್ರತೆ ವಹಿಸಿದ ಸರಕು ಕೆಡುವುದು ಸಾಮಾನ್ಯವಾಗಿ ಆಕಾಶದಲ್ಲಲ್ಲ, ನೆಲದ ಮೇಲೆ. ಶೆಡ್ಡಿನಿಂದ ವಿಮಾನದವರೆಗಿನ ಆ ಸ್ವಲ್ಪ ದೂರದಲ್ಲಿ, ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ, ಅರ್ಧ ಗಂಟೆ ನಿಂತರೆ ರಾತ್ರಿಯೆಲ್ಲ ಮಾಡಿದ ತಂಪು ವ್ಯರ್ಥ.

ಹೆಪ್ಪುಗಟ್ಟಿಸಿದ ಮೀನು, ಸಿಗಡಿಗಳ ಕತೆ ಬೇರೆ. ಅವು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ನಿದ್ರೆಯಲ್ಲಿರುವುದರಿಂದ ಅವಸರವಿಲ್ಲ. ಬಹುಪಾಲು ಹಡಗಿನಲ್ಲಿಯೇ ಹೋಗುತ್ತವೆ. 1882ರಲ್ಲಿಯೇ ಡ್ಯುನೆಡಿನ್ ಎಂಬ ಹಡಗು ನ್ಯೂಜಿಲೆಂಡಿನಿಂದ 98 ದಿನ ಸಾಗಿ ಹೆಪ್ಪುಗಟ್ಟಿದ ಮಾಂಸವನ್ನು ಲಂಡನ್ನಿಗೆ ತಲುಪಿಸಿತ್ತು. ಅವಸರದ ಸರಕು ವಿಮಾನವೇರುವುದಾದರೆ ಒಣ ಮಂಜುಗಡ್ಡೆಯನ್ನು ಬಳಸುವುದುಂಟು. ಇದು ಕರಗಿ ನೀರಾಗದೆ ನೇರವಾಗಿ ಇಂಗಾಲಾಮ್ಲ ವಾಯುವಾಗುತ್ತದೆ. ಮುಚ್ಚಿದ ಜಾಗದಲ್ಲಿ ಆ ವಾಯು ತುಂಬಿದರೆ ಉಸಿರಾಡುವ ಪ್ರಾಣಿಗಳಿಗೆ ಅಪಾಯವಾದುದರಿಂದ ಇದನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಸೇರಿಸಿ, ಇಂತಿಷ್ಟೇ ಇರಬೇಕೆಂದು ಮಿತಿ ಹಾಕಿದ್ದಾರೆ. ತಾಜಾ ಮೀನಿನ ಪೆಟ್ಟಿಗೆಯಿಂದ ಒಂದು ತೊಟ್ಟೂ ಸೋರಬಾರದೆಂಬ ನಿಯಮವೂ ಇದೆ. ಉಪ್ಪುನೀರು ವಿಮಾನದ ಲೋಹವನ್ನು ತಿನ್ನುತ್ತದೆ.

ಇನ್ನು ಕಾಗದಪತ್ರಗಳು. ಕೀಟವೂ ರೋಗವೂ ಒಂದು ದೇಶದಿಂದ ಇನ್ನೊಂದಕ್ಕೆ ಹೋಗದಿರಲೆಂದು 1951ರಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಅದರಂತೆ ಪ್ರತಿಯೊಂದು ಸಸ್ಯಸರಕಿಗೂ ಆರೋಗ್ಯದ ಪ್ರಮಾಣಪತ್ರ ಬೇಕು. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಾನಿಕಾರಕ ಕೀಟಗಳು ಕಂಡುಬಂದವೆಂದು ಯುರೋಪಿನ ಒಕ್ಕೂಟವು 2014ರ ಮೇ 1ರಿಂದ ನಮ್ಮ ಮಾವಿಗೂ ನಾಲ್ಕು ತರಕಾರಿಗಳಿಗೂ ಬಾಗಿಲು ಮುಚ್ಚಿತು. ಪತ್ರಿಕೆಗಳೆಲ್ಲ ಆಪೂಸಿನ ಮಾವಿಗಾಗಿ ಕಣ್ಣೀರಿಟ್ಟವು. ಆ ನಾಲ್ಕು ತರಕಾರಿಗಳು ಬದನೆ, ಹಾಗಲ, ಪಡವಲ ಮತ್ತು ನಮ್ಮ ಕೆಸು. ಅವುಗಳಿಗಾಗಿ ಯಾರೂ ಅತ್ತಂತೆ ಕಾಣಲಿಲ್ಲ. ಮಾವಿನ ನಿಷೇಧ 2015ರ ಆರಂಭದಲ್ಲಿಯೇ ತೆರವಾಯಿತು. ತರಕಾರಿಗಳು ಇನ್ನೂ ಕಾಯಬೇಕಾಯಿತು.

2018ರ ಮೇ ತಿಂಗಳಲ್ಲಿ ಕೋಝಿಕ್ಕೋಡು ಜಿಲ್ಲೆಯಲ್ಲಿ ನಿಪಾ ಜ್ವರ ಕಾಣಿಸಿಕೊಂಡಾಗ ಸಂಯುಕ್ತ ಅರಬ್ ಸಂಸ್ಥಾನವು ಕೇರಳದ ಹಣ್ಣು ತರಕಾರಿಗಳನ್ನೆಲ್ಲ ತಡೆಯಿತು. ರೋಗ ಕಂಡ ಊರಿಗೂ ನಮ್ಮ ಊರಿಗೂ ನೂರು ಕಿಲೋಮೀಟರಿಗೂ ಮಿಕ್ಕಿದ ಅಂತರ. ತಲಪಾಡಿಯ ಗಡಿ ನಮಗೆ ಅದಕ್ಕಿಂತ ಎಷ್ಟೋ ಹತ್ತಿರ. ಗಡಿಯಾಚೆಯ ಬದುವಿನಲ್ಲಿ ಬೆಳೆದ ಕೆಸು ಕರ್ನಾಟಕದ್ದು, ಈಚೆಯದು ಕೇರಳದ್ದು. 1956ರಲ್ಲಿ ಎಳೆದ ಆ ಗೆರೆಯ ಕುರಿತು ನಮ್ಮ ಹಿರಿಯರು ಭಾಷೆಯ ದೃಷ್ಟಿಯಿಂದ ಸಾಕಷ್ಟು ಬರೆದಿದ್ದಾರೆ. ಸೊಪ್ಪಿನ ದೃಷ್ಟಿಯಿಂದ ಬರೆದವರಿಲ್ಲವೆಂದು ನಮ್ಮ ನೆರೆಯವರು ನಕ್ಕರು. ಆ ಕೆಲವು ವಾರಗಳಲ್ಲಿ ಅವರು ಕಟ್ಟಿದ ಪೆಟ್ಟಿಗೆಗಳು ದನಗಳ ಪಾಲಾದವು.

ಈ ಎಲೆಗಳು ಹೋಗುವುದು ಹೆಚ್ಚಾಗಿ ಸರಕಿನ ವಿಮಾನಗಳಲ್ಲಿ ಅಲ್ಲ, ಜನರು ಕುಳಿತ ವಿಮಾನಗಳ ಹೊಟ್ಟೆಯಲ್ಲಿ. ಮೇಲೆ ಸಾಲು ಸಾಲಾಗಿ ಕೂಲಿಯವರು, ಗುಮಾಸ್ತರು, ದಾದಿಯರು. ಅವರ ಕಾಲಡಿಯ ಹಲಗೆಯ ಕೆಳಗೆ ಅವರು ಮರುದಿನ ಕೊಳ್ಳಲಿರುವ ಹರಿವೆ ಸೊಪ್ಪು. 2020ಕ್ಕೆ ಮೊದಲು ಲೋಕದ ವಿಮಾನ ಸರಕಿನ ಸುಮಾರು ಅರ್ಧ ಪಾಲು ಹೀಗೆಯೇ ಸಾಗುತ್ತಿತ್ತು. ಆ ವರ್ಷದ ಮಾರ್ಚಿನಲ್ಲಿ ಜನರ ವಿಮಾನಗಳು ನಿಂತಾಗ ಸೊಪ್ಪಿನ ದಾರಿಯೂ ಮುಚ್ಚಿತು. ಬಳಿಕ ಜನರಿಲ್ಲದ ಬರಿಯ ಸರಕಿನ ವಿಮಾನಗಳು ತರಕಾರಿಯನ್ನು ಹೊತ್ತು ಕೊಲ್ಲಿಗೆ ಹೋಗತೊಡಗಿದವು. ಊರಿಗೆ ಬರಲು ಹಾತೊರೆಯುತ್ತಿದ್ದ ಜೀವಂತ ಮನುಷ್ಯರಿಗೆ ಮೇ 7ರವರೆಗೆ ವಿಮಾನವಿರಲಿಲ್ಲ. ಆ ಏಪ್ರಿಲಿನಲ್ಲಿ ಅಲ್ಲಿ ತೀರಿಕೊಂಡ ಕೆಲವರು ಮಾತ್ರ ಸರಕಿನ ವಿಮಾನಗಳಲ್ಲಿ ಊರು ಸೇರಿದರು.

ಮೃತರು ಸದಾ ಸರಕಿನ ಭಾಗದಲ್ಲಿಯೇ ಬರುತ್ತಾರೆ. ಅವರ ಬಾಡಿಗೆಯನ್ನೂ ಬಹುಕಾಲ ಕಿಲೋಗ್ರಾಮಿನ ಲೆಕ್ಕದಲ್ಲಿಯೇ ಕಟ್ಟಲಾಗುತ್ತಿತ್ತು, ಪೆಟ್ಟಿಗೆಯ ಮರವೂ ಸೇರಿ. ಅಲ್ಲಿಯ ಭಾರತೀಯರು ಎಷ್ಟೋ ವರ್ಷ ಮೊರೆಯಿಟ್ಟ ಮೇಲೆ 2019ರ ಜನವರಿಯಲ್ಲಿ ಏರ್ ಇಂಡಿಯಾ ಸಂಯುಕ್ತ ಅರಬ್ ಸಂಸ್ಥಾನದಿಂದ ತರುವ ಮೃತದೇಹಕ್ಕೆ ತೂಕ ನೋಡದೆ 1500 ದಿರಮಿನ ನಿಶ್ಚಿತ ದರವನ್ನು ಗೊತ್ತುಮಾಡಿತು. ಹನ್ನೆರಡಕ್ಕಿಂತ ಕಿರಿಯ ಮಕ್ಕಳಿಗೆ ಅದರ ಅರ್ಧ.

ಕರಿಪ್ಪೂರಿನಿಂದ ಬಂದ ಮೇಲೆ ಏಳನೆಯ ತರಗತಿಯಲ್ಲಿ ಘನ ಅಳತೆಯ ಪಾಠಕ್ಕೆ ಆ ಪೆಟ್ಟಿಗೆಯ ಲೆಕ್ಕವನ್ನೇ ಕೊಟ್ಟೆವು. ಪುಸ್ತಕದ ನೀರಿನ ತೊಟ್ಟಿಗಿಂತ ಅದು ಮಕ್ಕಳಿಗೆ ರುಚಿಸಿತು. ಎಲ್ಲರೂ 12 ಎಂದು ಉತ್ತರ ತಂದರು. ದುಬೈಯಲ್ಲಿ ತಂದೆಯಿರುವ ಹುಡುಗಿಯೊಬ್ಬಳು ಎದ್ದುನಿಂತು, "ಮನುಷ್ಯರನ್ನೂ ಹೀಗೇ ತೂಗುತ್ತಾರಾ ಸರ್?" ಎಂದು ಕೇಳಿದಳು. ತೂಗುವುದಿಲ್ಲ, ಕುಳಿತು ಹೋಗುವವರ ಪೆಟ್ಟಿಗೆಯನ್ನು ಮಾತ್ರ ತೂಗುತ್ತಾರೆ ಎಂದೆವು. ಹೆಚ್ಚಿನದನ್ನು ಹೇಳಲಿಲ್ಲ. ಅವಳ ಮುಖ ಅರಳಿತು. ಅಪ್ಪನ ಪೆಟ್ಟಿಗೆ ಪ್ರತಿ ಸಲವೂ ಹೆಚ್ಚಾಗುತ್ತದಂತೆ. ಅಮ್ಮ ಅಟ್ಟದಿಂದ ಇಳಿಸಿ ಕಟ್ಟಿಕೊಟ್ಟ ಸೌತೆಕಾಯಿಯನ್ನು ನಿಲ್ದಾಣದಲ್ಲಿಯೇ ಹೊರತೆಗೆದು, ಬಿಟ್ಟುಬರಲು ಹೋದ ಮಾವನ ಕೈಯಲ್ಲಿ ಮನೆಗೆ ಹಿಂದೆ ಕಳುಹಿಸಿಬಿಡುತ್ತಾರಂತೆ.