ನಿಂತು ತೋರಿದ ಚಕ್ರ

ಮೈಸೂರನ್ನು ನೋಡಲು ಹೋದವರು ಅರಮನೆಯನ್ನು ನೋಡುತ್ತಾರೆ, ಬೆಟ್ಟವನ್ನು ಹತ್ತುತ್ತಾರೆ, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನೂ ವೀಳ್ಯದೆಲೆಯನ್ನೂ ಕೊಂಡು ಹಿಂದಿರುಗುತ್ತಾರೆ. ಕಳೆದ ಕಾರ್ತಿಕದ ಒಂದು ಭಾನುವಾರ ನಾನೂ ನನ್ನ ತಂದೆಯವರೂ ನಂಜನಗೂಡಿನಿಂದ ಅಲ್ಲಿಗೆ ಹೋದುದು ಇವುಗಳಲ್ಲಿ ಯಾವುದಕ್ಕೂ ಅಲ್ಲ. ಒಂದು ಹಳೆಯ ಮೋಟಾರ್ ಸೈಕಲ್ಲಿನ ಟೈಮಿಂಗನ್ನು ಸರಿಪಡಿಸಿಕೊಂಡು ಬರುವುದಕ್ಕೆ.

ಆ ಗಾಡಿ 1979ರ ಯೆಜ್ಡಿ. ಅದರ ತವರು ಮೈಸೂರೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯದ ಜಾವಾ ಮಾದರಿಯ ಗಾಡಿಗಳನ್ನು ತಯಾರಿಸತೊಡಗಿತು. ಮುಂದೆ ಅವೇ ಯೆಜ್ಡಿ ಎನಿಸಿಕೊಂಡವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿಯ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಆ ಹೊಸ ಗಾಡಿಗಳು ಹುಟ್ಟಿದುದು ಮೈಸೂರಿನಲ್ಲಲ್ಲ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ. ಕಿಕ್ ಹೊಡೆಯುವ ಸಲಾಕೆಯೇ ಗೇರು ಬದಲಿಸುವ ಸಲಾಕೆ. ತವರಿನವರಲ್ಲದೆ ಇದರ ಗುಣವನ್ನು ಬೇರೆಯವರು ಬಲ್ಲರೇ?

ನಮ್ಮ ತಂದೆಯವರು ಬಲ್ಲರು. ನಾಲವತ್ತು ವರ್ಷ ಅವರು ಆ ಗಾಡಿಯ ಟೈಮಿಂಗನ್ನು ಕಿವಿಯಿಂದಲೇ ಹೊಂದಿಸಿದವರು. ತಿರುಪನ್ನು ಸಡಿಲಿಸುವುದು, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುವುದು, ಎಂಜಿನ್ನಿನ ದನಿಗೆ ತಲೆಯೋರೆ ಮಾಡಿ ಆಲಿಸುವುದು. ಆದರೆ ಈಚೆಗೆ ಅವರ ಕಿವಿ ಮಂದವಾಗಿದೆ. ದಸರೆಯ ಆಯುಧಪೂಜೆಗೆ ಮುನ್ನ ಅವರೇ ಕುಳಿತು ಹೊಂದಿಸಿದ ಮೇಲೆ, ಏರು ಬಂದಾಗಲೆಲ್ಲ ಎಂಜಿನ್ನಿನೊಳಗೆ ಸಣ್ಣ ಉಳಿಯಿಂದ ಕುಟ್ಟಿದಂತಹ ಬಡಿತ. ನನಗೆ ಕೇಳುತ್ತಿತ್ತು, ಅವರಿಗೆ ಕೇಳುತ್ತಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಹೇಳದಿದ್ದರೆ ಪಿಸ್ಟನ್ನಿನ ತಲೆಯೇ ಸುಟ್ಟು ತೂತು ಬೀಳಬಹುದು. ಹೊಸ ಪಾಯಿಂಟು ಹಾಕಿಸಬೇಕೆಂಬ ನೆಪ ಹೂಡಿ ಅವರನ್ನು ಹೊರಡಿಸಿದೆ.

ಮಂಡಿ ಮೊಹಲ್ಲದ ಓಣಿಯೊಂದರಲ್ಲಿ ಆ ಮೇಸ್ತ್ರಿಯ ಅಂಗಡಿ. ಆತ ಗಾಡಿಯನ್ನು ಒಂದು ಸಲ ಚಾಲೂ ಮಾಡಿ ನನ್ನ ಮುಖ ನೋಡಿದ. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಜಾಣ ಮನುಷ್ಯ, “ಪಾಯಿಂಟು ಹಾಕೋಣ ಯಜಮಾನರೇ, ಆಮೇಲೆ ದೀಪ ಹಿಡಿದು ನೋಡೋಣ” ಎಂದಷ್ಟೇ ಹೇಳಿದ.

ಈ ದೀಪದ ವಿಚಾರವನ್ನು ವಾಚಕರಿಗೆ ತುಸು ವಿವರಿಸಬೇಕು. ಪಿಸ್ಟನ್ನು ತುತ್ತತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು; ಪೆಟ್ರೋಲಿನ ಆವಿ ಹೊತ್ತಿ ಹರಡಲು ಸ್ವಲ್ಪ ಹೊತ್ತು ಬೇಕಷ್ಟೆ. ಈ ಗಾಡಿಯಲ್ಲಿ ಪಿಸ್ಟನ್ನು ತುದಿಗೆ ಸುಮಾರು 3 ಮಿಲಿಮೀಟರು ಕೆಳಗಿರುವಾಗ, ಅಂದರೆ ಚಕ್ರ ಇನ್ನೂ 20 ಡಿಗ್ರಿಯಷ್ಟು ತಿರುಗುವುದಿರುವಾಗ, ಪಾಯಿಂಟು ಬಿಚ್ಚಿ ಕಿಡಿ ಹುಟ್ಟುತ್ತದೆ. ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಆ 20 ಡಿಗ್ರಿಗೆ ಹಿಡಿಯುವ ಕಾಲ ಸೆಕೆಂಡಿನ 900ರಲ್ಲಿ ಒಂದು ಪಾಲು! ಕಿಡಿ ತಡವಾದರೆ ಗಾಡಿ ಬಡವಾಗುತ್ತದೆ, ಕೊಳವೆ ಕಾಯುತ್ತದೆ. ಬೇಗನಾದರೆ ಬಡಿತ, ಕಿಕ್ ಹೊಡೆದ ಕಾಲಿಗೇ ತಿರುಗೇಟು.

ಮೇಸ್ತ್ರಿ ಪ್ಲಗ್ಗನ್ನು ಬಿಚ್ಚಿ ಆ ರಂಧ್ರದಲ್ಲಿ ಡಯಲ್ ಗೇಜನ್ನು ನಿಲ್ಲಿಸಿ, ಪಿಸ್ಟನ್ನಿನ ತುತ್ತತುದಿಯನ್ನು ಕಂಡುಕೊಂಡು, ಅಲ್ಲಿಂದ 3 ಮಿಲಿಮೀಟರು ಹಿಂದಕ್ಕೆ ಬಂದು, ತಿರುಗುವ ಚಕ್ರದ ಮೇಲೊಂದು, ಅದರ ಎದುರಿಗೆ ತಿರುಗದ ಒಡಲಿನ ಮೇಲೊಂದು ಬಿಳಿ ಗೆರೆ ಎಳೆದ. ಪಾಯಿಂಟುಗಳ ನಡುವೆ 0.4 ಮಿಲಿಮೀಟರು ಸಂದಿ ಬಿಟ್ಟು, ತಟ್ಟೆಯನ್ನು ಮಾತ್ರ ಅದು ಇದ್ದಲ್ಲಿಯೇ ಉಳಿಸಿದ. ಪ್ಲಗ್ಗನ್ನು ಮತ್ತೆ ತೊಡಿಸಿ, ದೀಪದ ಚಿಮುಟವನ್ನು ಅದರ ತಂತಿಗೆ ಕಚ್ಚಿಸಿದ. ಗಾಡಿಯ ಬ್ಯಾಟರಿ 6 ವೋಲ್ಟಿನದು, ದೀಪಕ್ಕೆ 12 ಬೇಕು. ಅದಕ್ಕೆಂದೇ ಮೂಲೆಯಲ್ಲಿ ಬೇರೊಂದು ಬ್ಯಾಟರಿ ಇತ್ತು. ಅಂಗಡಿಯ ಬಾಗಿಲನ್ನು ಅರ್ಧ ಇಳಿಸಿ ಕತ್ತಲು ಮಾಡಿದ.

ತಂತಿಯಲ್ಲಿ ಕಿಡಿ ಹರಿದಾಗಲೆಲ್ಲ ದೀಪ ಒಮ್ಮೆ ಮಿಂಚುತ್ತದೆ. ಚಕ್ರದ ಪ್ರತಿ ಸುತ್ತಿಗೂ ಒಂದೇ ಮಿಂಚು, ಪ್ರತಿ ಸಲವೂ ಚಕ್ರ ಅದೇ ಎಡೆಯಲ್ಲಿ. ಆದುದರಿಂದ ಕಣ್ಣಿಗೆ ಚಕ್ರ ನಿಂತೇ ಬಿಟ್ಟಂತೆ! ಅಮೆರಿಕದ ಎಂ.ಐ.ಟಿ.ಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದ ಆರಂಭದಲ್ಲಿ ತಿರುಗುವ ವಿದ್ಯುತ್ ಯಂತ್ರಗಳನ್ನು ನಿಂತಂತೆ ನೋಡಲು ಬಳಸಿದುದೂ ಈ ಉಪಾಯವನ್ನೇ. ಪುಸ್ತಕದಲ್ಲಿ ಓದಿದ್ದೆ, ಆದರೂ ಎಂಜಿನ್ನು ಅಬ್ಬರಿಸುತ್ತಿರುವಾಗ ಅದರ ಚಕ್ರ ಕದಲದೆ ನಿಂತುದನ್ನು ಕಂಡು ಮೈ ಜುಮ್ಮೆಂದಿತು.

ಚಕ್ರದ ಗೆರೆ ಒಡಲಿನ ಗೆರೆಯನ್ನು ಮುಟ್ಟಿರಲಿಲ್ಲ. ಅರ್ಧ ಬೆರಳಿನಷ್ಟು ಈಚೆಯೇ ನಿಂತು ಮೆಲ್ಲಗೆ ನಡುಗುತ್ತಿತ್ತು.

“ನಡುಕ ಬೇರಿಂಗಿನ ವಯಸ್ಸು, ಅದಿರಲಿ” ಎಂದ ಮೇಸ್ತ್ರಿ. ಉಳಿದುದನ್ನು ಆತ ಹೇಳಲಿಲ್ಲ. ತಂದೆಯವರು ಮಂಡಿಯೂರಿ ಕುಳಿತು ಬಹಳ ಹೊತ್ತು ನೋಡಿದರು. ಎಂಜಿನ್ನು ನಿಲ್ಲಿಸಿದ ಮೇಲೆ, “ಬೇಗ ಆಗಿದೆ. ಬಡೀತಿತ್ತೇನೋ?” ಎಂದು ನನ್ನನ್ನು ಕೇಳಿದರು.

“ಹೌದು ಅಪ್ಪ.”

“ಮತ್ತೆ ಹೇಳಬಾರದಾಗಿತ್ತೆ?”

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮೇಸ್ತ್ರಿಯ ಕಡೆ ಕೈ ನೀಡಿದರು. ಆತ ಮರುಮಾತಿಲ್ಲದೆ ತಿರುಪುಳಿಯನ್ನು ಕೊಟ್ಟ. ತಟ್ಟೆಯನ್ನು ಚಕ್ರ ತಿರುಗುವ ದಿಕ್ಕಿಗೇ ಸರಿಸಿದರೆ ಕಿಡಿ ತಡವಾಗುತ್ತದೆ. ಅವರು ಸರಿಸಿದರು, ಬಿಗಿದರು. ದೀಪ ಹಿಡಿದರೆ ಗೆರೆ ಈಗ ತುಸು ಆಚೆ. ಮತ್ತೆ ನಿಲ್ಲಿಸಿ, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ. ಮೂರನೆಯ ಸಲ ಎರಡು ಗೆರೆಗಳೂ ಒಂದಾಗಿ ನಿಂತವು. ಮೇಸ್ತ್ರಿ ಪಾಯಿಂಟಿನ ಬೆಲೆಯನ್ನಷ್ಟೇ ತೆಗೆದುಕೊಂಡ. “ಟೈಮಿಂಗ್ ಮಾಡಿದವರು ಅವರಲ್ಲವೇ ಮೇಷ್ಟ್ರೇ” ಎಂದು ನಕ್ಕ.

ಪರೀಕ್ಷಿಸಿ ನೋಡಲು ಚಾಮುಂಡಿಬೆಟ್ಟಕ್ಕಿಂತ ಒಳ್ಳೆಯ ಏರು ಬೇರೆ ಯಾವುದಿದೆ? ನಾನು ನಡೆಸಿದೆ, ಅವರು ಹಿಂದೆ ಕುಳಿತರು. ಮೊದಲ ತಿರುವುಗಳನ್ನು ಗಾಡಿ ಹಗುರವಾಗಿ ಏರಿತು. ಕಡಿದಾದ ಒಂದೆಡೆ ನಾನು ಬೇಕೆಂದೇ ಗೇರನ್ನು ಇಳಿಸದೆ ವೇಗ ಕೊಟ್ಟೆ. ಹೆಗಲ ಮೇಲೆ ಅವರ ಕೈ ಬಿತ್ತು.

“ಈಗ ಬಡಿಯುತ್ತಾ?” ಎಂದು ಗಟ್ಟಿಯಾಗಿ ಕೇಳಿದರು.

ನಾನು ಕಿವಿಗೊಟ್ಟು ಆಲಿಸಿದೆ. ಬಾಯಲ್ಲಿ ಹೇಳಿದರೆ ಅವರಿಗೆ ಕೇಳಿಸದು. ಇಲ್ಲವೆಂದು ತಲೆಯಾಡಿಸಿದೆ. ಮುಂದಿನ ತಿರುವಿನಲ್ಲಿ ಅವರು ಮತ್ತೆ ಕೇಳಿದರು. ನಾನು ಮತ್ತೆ ತಲೆಯಾಡಿಸಿದೆ.